ನಾನೂರೈವತ್ತರ ಓಟ

ಎಂಬತ್ತೆರಡನೆಯ ಹೆಸರಿಗೆ ಕಂಪ್ಯೂಟರು ಮತ್ತೆ ಕಲ್ಲಾಯಿತು. ಬೆಳಗಿನಿಂದ ಇದು ಮೂರನೆಯ ಸಲ. ಕೌಸರ ಕೀಬೋರ್ಡಿನ ಮೇಲಿಂದ ಕೈ ತೆಗೆಯಲಿಲ್ಲ, ಬೈಯಲೂ ಇಲ್ಲ. ಬೈಯುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ. ಎದುರಿನ ಬೆಂಚಿನ ಮೇಲೆ ಕುಳಿತು ಪಟ್ಟಿ ಓದುತ್ತಿದ್ದ ಅಮೋಘಸಿದ್ದಪ್ಪ ಮಾತ್ರ ಏನೂ ತಿಳಿಯದೆ ಎಂಬತ್ಮೂರನೆಯ ಹೆಸರಿಗೂ ಬಾಯಿ ಹಾಕಿದ್ದ.

"ನಿಲ್ರಿ ಕಾಕಾ. ಮತ್ತ ನಿಂತೈತಿ."

"ಎಷ್ಟು ಮಂದಿ ಉಳದಾರವಾ?"

"ಒಬ್ರೂ ಇಲ್ರಿ. ಮದುಮಗನೂ ಮತ್ತ ಹೊಸದಾಗಿ ಬರಬೇಕು."

ಹತ್ತು ಹೆಸರಿಗೊಮ್ಮೆ ಸೇವ್ ಮಾಡುತ್ತಲೇ ಬಂದಿದ್ದಳು. ಆದರೆ ಹಿಂದಿನ ಎರಡೂ ಸಲ ಮಶೀನು ಎಚ್ಚರಾದ ಮೇಲೆ ತೆರೆದು ನೋಡಿದರೆ, ಬಂಧುಬಳಗವೆಲ್ಲ ಚೌಕಳಿಗಳಾಗಿ, ಪ್ರಶ್ನೆಚಿಹ್ನೆಗಳಾಗಿ ಸಾಲು ಹಿಡಿದು ನಿಂತಿತ್ತು. ಇಂದಿಗೆ ಹನ್ನೊಂದನೆಯ ದಿನಕ್ಕೆ ಅಮೋಘಸಿದ್ದಪ್ಪನ ಮಗಳ ಮದುವೆ. ನಾಲ್ಕರ ಬಸ್ಸಿಗೆ ಲಗ್ನಪತ್ರಿಕೆಯ ಹಾಳೆ ಜತ್ತಿನ ಪ್ರೆಸ್ಸಿಗೆ ಹೋಗದಿದ್ದರೆ ಕಾರ್ಡಿನ ಆಸೆ ಬಿಡಬೇಕು. ಲಗ್ನದ ಸುಗ್ಗಿಯಲ್ಲಿ ಪ್ರೆಸ್ಸಿನವನು ಇಂದು ತಪ್ಪಿದವರನ್ನು ಎಂಟು ದಿನ ಮೂಸಿ ನೋಡುವುದಿಲ್ಲ. ಹೆಸರು ಕಡಿಮೆ ಮಾಡೋಣವೆಂದರೆ ಅದೂ ಆಗದ ಮಾತು. ಪಟ್ಟಿಯ ನೂರಾ ಹದಿನಾಲ್ಕರಲ್ಲಿ ಒಬ್ಬ ಸೋದರಮಾವನನ್ನು ಬಿಟ್ಟರೂ ಅವನೂರು ಕರಜಗಿಯ ಅರ್ಧ ಊಟಕ್ಕೆ ಬರುವುದಿಲ್ಲ, ಉಳಿದರ್ಧ ಬಂದು ಉಂಡು ಅದನ್ನೇ ಮಾತಾಡುತ್ತದೆ.

ಈ ಪೀಡೆಗೆಲ್ಲ ಮೂಲ ಕೌಸರಳ ಗಂಡ ಶಾಹನವಾಜ. ಇಡೀ ಸಾಂಗಲಿ ಜಿಲ್ಲೆಯಲ್ಲಿ ಇದಕ್ಕಿಂತ ಅಗ್ಗದ್ದು ಇಲ್ಲವೆಂದು ಅವನೇ ಹುಡುಕಿ ತಂದ ಕಂಪ್ಯೂಟರು ಅದು; ಮುನ್ನೂರು ಮೆಗಾಹರ್ಟ್ಸ್ ವೇಗಕ್ಕೆಂದು ಮಾಡಿದ್ದು. ಹದಿನೈದು ದಿನದ ಹಿಂದೆ ಮಿರಜದಲ್ಲಿ ಯಾರೋ ಒಂದು ವಿದ್ಯೆ ಹೇಳಿಕೊಟ್ಟರಂತೆ. ಚಾಲೂ ಆಗುವಾಗ ಬರುವ ನೀಲಿ ಪರದೆಯಲ್ಲಿ ಅರವತ್ತಾರು ಎಂದಿದ್ದುದನ್ನು ನೂರು ಮಾಡಿದ. ಆ ಅಂಕಿಯ ನಾಲ್ಕೂವರೆ ಪಟ್ಟು ಓಡುವ ಮುನ್ನೂರರ ಮಶೀನು ನಾನೂರೈವತ್ತಕ್ಕೆ ಓಡಿತು. ಬಿಡಿಗಾಸಿನ ಖರ್ಚಿಲ್ಲ. ಅಂದೇ ತಮ್ಮೂರು ಉಮದಿಯ ಬಸ್ ಸ್ಟ್ಯಾಂಡಿನ ತುಂಬ ಡಂಗುರ ಸಾರಿದ. ಆ ನಾನೂರೈವತ್ತು ಚಡಚಣ ಮುಟ್ಟುವಾಗ ಸಾವಿರವಾಗಿತ್ತು, ವಿಜಾಪುರ ಮುಟ್ಟುವಾಗ ವಿಮಾನವೇ ಆಗಿತ್ತು. ಮಶೀನಿಗೆ ಮಾತ್ರ ಜ್ವರ ಏರಿತು. ಮಗ್ಗಲಿನ ತಗಡು ಬಿಚ್ಚಿದರು. ಮೇಲೆ ಜೋಳದ ಭಕ್ರಿ ಇಟ್ಟರೆ ಉಬ್ಬುವಷ್ಟು ಸೆಕೆ. ಟೈಪಿಂಗ್ ಅಂಗಡಿಗಿದ್ದ ಒಂದೇ ಟೇಬಲ್ ಫ್ಯಾನು ಕೌಸರಳಿಗೆ ಬೆನ್ನು ತಿರುಗಿಸಿ ಅದರ ಕಡೆ ಹೊರಳಿತು. ಏಪ್ರಿಲ್ ತಿಂಗಳು, ಕಾಗೆಗಳೂ ನೆರಳಿಗೆ ಪಾಳಿ ಹಚ್ಚುವ ಮಧ್ಯಾಹ್ನ.

"ಅದನ್ನ ಮೊದಲಿನಂಗ ಮಾಡಿಬಿಡ್ರಿ," ಎಂದಳು ಕೌಸರ. ಹದಿನೈದು ದಿನದಲ್ಲಿ ಇದೇ ಮಾತು ಎಷ್ಟನೆಯ ಸಲವೋ.

"ಹುಚ್ಚಿ ಅದಿ. ಓಡೋ ಕುದುರಿ ಕಾಲ ಕಟ್ಟತಾರೇನು?" ಎಂದ ಬಾಗಿಲಲ್ಲಿ ನಿಂತಿದ್ದ ಶಾಹನವಾಜ.

"ಓಡಿ ಎಲ್ಲಿಗಿ ಹೋಗತೈತ್ರಿ? ನಾ ಒಂದ ಅಕ್ಷರ ಒತ್ತೂತನಾ ನನ್ನ ಬೆರಳ ನೋಡಕೋಂತ ನಿಂತಿರತೈತಿ."

ಅಮೋಘಸಿದ್ದಪ್ಪ ಕನ್ನಡಕ ತೆಗೆದು ಒರೆಸಿದ. "ನಮ್ಮ ಬಾವಿ ಮೋಟರ್ ಬಿಸಿ ಆದ್ರ ಹಸಿ ಗೋಣಿಚೀಲ ಹೊಚ್ಚತೀವಿ, ತಮ್ಮಾ."

"ಕಾಕಾ, ಇದು ಮೋಟರ್ ಅಲ್ಲ. ನೀರ ಹತ್ತಿದ್ರ ಸತ್ತ ಹೋಗತೈತಿ."

"ಈಗೇನ ಭಾಳ ಜೀವಂತ ಐತಿ?"

ಆ ಮಾತು ಶಾಹನವಾಜನಿಗೆ ನಾಟಿತು. "ಬರ್ಫ ತರತೀನಿ. ಚೀಲದಾಗ ಕಟ್ಟಿ ಮಗ್ಗಲಕ್ಕ ಇಟ್ರ ಐನೂರು ಓಡತೈತಿ, ನೋಡ್ರಿ," ಎಂದವನೇ ಚಪ್ಪಲಿ ಮೆಟ್ಟಿ ಸರಬತ್ತಿನ ಗಾಡಿಯತ್ತ ನಡೆದ.

ಗಂಟೆ ಎರಡಾಗಿತ್ತು. ಕೌಸರ ಮಶೀನು ಬಂದ್ ಮಾಡಿ, ಮತ್ತೆ ಚಾಲೂ ಮಾಡಿದಳು. ನೀಲಿ ಪರದೆ ಬಂತು. ಗಂಡ ಇದನ್ನು ಮಾಡಿದ ದಿನ ಚಹದ ಕಪ್ಪು ಹಿಡಿದು ಹಿಂದೆ ನಿಂತು ನೋಡಿದ್ದಳು. ನೂರು ಇದ್ದಲ್ಲಿ ಅರವತ್ತಾರು ಮಾಡಲು ಅಷ್ಟು ಸಾಕಿತ್ತು.

"ಓದ್ರಿ ಕಾಕಾ. ಮೊದಲಿಂದ."

"ಅಂವಗ ಹೇಳಾಂಗಿಲ್ಲೇನವಾ?"

"ನೀವು ಓದ್ರಿ."

ಬರ್ಫ ತರಲು ಹೋದವನು ಗಾಡಿಯ ಹತ್ತಿರ ಎಷ್ಟು ಜನಕ್ಕೆ ತನ್ನ ವಿದ್ಯೆ ಹೇಳಿದನೋ, ಬರುವಷ್ಟರಲ್ಲಿ ಕಲ್ಲಿನಂಥ ಮಂಜುಗಡ್ಡೆ ಅರ್ಧ ನೀರಾಗಿತ್ತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಹಾಲುಗೂಸನ್ನು ಮಲಗಿಸುವವನ ಹಾಗೆ ಮಶೀನಿನ ಮಗ್ಗುಲಿಗೆ ಇಟ್ಟ. ಎಂಬತ್ತೆರಡನೆಯ ಹೆಸರು ದಾಟಿತು. ನೂರು ದಾಟಿತು. ನೂರಾ ಹದಿನಾಲ್ಕನೆಯವನೂ ಕೈಮುಗಿದು ಒಳಗೆ ಬಂದು ಕುಳಿತ. ಮಶೀನು ಒಮ್ಮೆಯೂ ಕೆಮ್ಮಲಿಲ್ಲ.

"ನೋಡಿದ್ರಿಲ್ಲೋ ಕಾಕಾ, ಬರ್ಫದ ಕರಾಮತ್ತು," ಎಂದ ಶಾಹನವಾಜ. "ನಾನೂರೈವತ್ತಂದ್ರ ಹಿಂಗ ಓಡಬೇಕು."

ಅಮೋಘಸಿದ್ದಪ್ಪ ಕೌಸರಳ ಮುಖ ನೋಡಿದ. ಅವಳು ಪ್ರಿಂಟರು ನೋಡುತ್ತಿದ್ದಳು.

"ಹೌದಪಾ," ಎಂದ ಮುದುಕ, "ಗಾಳಿ ಹೊಡದಂಗ ಓಡತು."

ಮೂರೂ ಮುಕ್ಕಾಲಿಗೆ ಹಾಳೆ ಹೊರಬಿತ್ತು. ಅದನ್ನು ಸುರುಳಿ ಸುತ್ತಿ ಅಮೋಘಸಿದ್ದಪ್ಪ ಬಸ್ಸಿಗೆ ಓಡಿದ. ಬಸ್ ಸ್ಟ್ಯಾಂಡಿಗೆ ಸುದ್ದಿ ಮುಟ್ಟಿಸಲು ಶಾಹನವಾಜ ಅವನ ಹಿಂದೆಯೇ ಓಡಿದ. ಕಂಡಕ್ಟರನಿಗೆ, ಕಡಲೆಯವಳಿಗೆ, ಇಳಿದವರಿಗೆ, ಹತ್ತಿದವರಿಗೆ ಎಲ್ಲ ಹೇಳಿ ಮುಗಿಸಿ ಮರಳಿದಾಗ ಮಶೀನಿನ ಮಗ್ಗುಲಲ್ಲಿ ಬರ್ಫದ ಚೀಲ ಇರಲಿಲ್ಲ. ಕೌಸರ ಅದನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಮುಂಗೈಗಳನ್ನು ಅದರೊಳಗೆ ಇಳಿಬಿಟ್ಟು, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು.

"ಅದು ಮಶೀನಿಗೆ ತಂದದ್ದಲ್ಲೇನು?"

"ಯಾವದು ಸುಡಾಕತ್ತಿತ್ತೋ ಅದಕ್ಕ ಇಟ್ಟೀನ್ರಿ," ಎಂದಳು, ಕಣ್ಣು ತೆರೆಯದೆ.

ಶಾಹನವಾಜ ಬಾಗಿ ಮಶೀನಿನ ಮೈ ಮುಟ್ಟಿದ. ಬರ್ಫವಿಲ್ಲದೆಯೂ ತಣ್ಣಗಿತ್ತು. ಬಹಳ ಹೊತ್ತು ಅವನು ಅಲ್ಲಿಂದ ಕೈ ತೆಗೆಯಲಿಲ್ಲ.