ಅತ್ತೆಯ ಕೈಲಿದ್ದ ಗುಂಡುಪಿನ್ನು

“ಹಾಂ, ಅಲ್ಲೇ ಅತ್ತೆ! ಕೈ ತೆಗೀಬೇಡಿ, ಇನ್ನೊಂಚೂರು ಜೋರಾಗಿ ಕೆರೀರಿ,” ಎಂದು ಟೈಲರ್ ಕೆಲಸದ ಸೊಸೆ ಸುಖದಿಂದ ಕಣ್ಣು ಮುಚ್ಚಿದಳು. ಎಡ ಹೆಗಲಮೂಳೆಯ ಪಕ್ಕ, ತನ್ನ ಕೈಗೆಟುಕದ ಅಂಗೈಯಗಲದ ಜಾಗದಲ್ಲಿ ಆ ತುರಿಕೆ ವರ್ಷದಿಂದ ಠಿಕಾಣಿ ಹೂಡಿತ್ತು. ಹಚ್ಚಿದ ಮುಲಾಮುಗಳೆಲ್ಲ ಸೋತಿದ್ದವು. ಮಷೀನಿಗೆ ಕೂತಾಗಲೆಲ್ಲ ಮರದ ಸ್ಕೇಲನ್ನು ಕತ್ತಿನಿಂದ ಒಳಗಿಳಿಸಿ ಕೆರೆದುಕೊಳ್ಳುತ್ತಿದ್ದಳು. ಈಗ ಗಿರಾಕಿಯ ಅಳತೆಯೂ ತನ್ನದೂ ಒಂದೇ ಎಂದು ಅವಳಿಗೆಂದು ಹೊಲಿಯುತ್ತಿದ್ದ ಗೌನನ್ನು ತಾನೇ ತೊಟ್ಟು, ಬೆನ್ನಿನ ಸಡಿಲಕ್ಕೆ ಪಿನ್ನು ಹಾಕಲು ಅತ್ತೆಯನ್ನು ಕರೆದಿದ್ದಳು.

“ನಾನೆಲ್ಲಿ ಕೆರೀತಿದೀನೇ?” ಅತ್ತೆಯ ದನಿ ನಡುಗಿತು. “ಬಟ್ಟೆ ಎಳೆದು ಹಿಡಿದಿದ್ದೆ ಅಷ್ಟೆ, ಪಿನ್ನು ಅದನ್ನ ದಾಟಿ ನಿನ್ನ ಮೈಗೇ ಹೋಗಿದೆ. ರಕ್ತ ಬರ್ತಿದೆ. ಅಯ್ಯೋ ಅಂತಾನೂ ಅನ್ಲಿಲ್ವಲ್ಲೇ ನೀನು!”

ತಮಾಷೆ ಸಾಕು ಎನ್ನಲು ಹೊರಟವಳಿಗೆ ನಿಲುಗನ್ನಡಿಯಲ್ಲಿ ಅತ್ತೆಯ ಬಿಳಿಚಿದ ಮುಖ ಕಂಡಿತು. ಅವರ ಬೆರಳತುದಿ ಕೆಂಪಾಗಿತ್ತು. ಬೆನ್ನಲ್ಲಿ ಎಷ್ಟು ಹುಡುಕಿದರೂ ನೋವಿರಲಿಲ್ಲ. ತುರಿಕೆಯೊಂದೇ ಇರುವೆಸಾಲಿನಂತೆ ಹರಿದಾಡುತ್ತಿತ್ತು.

“ಯಾವುದೋ ಗ್ಯಾನದಲ್ಲಿದ್ದೆ, ಅದಕ್ಕೇ ಗೊತ್ತಾಗಿಲ್ಲ,” ಎಂದು ಮೇಜಿನಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಇನ್ನೊಂದ್ಸಲ ಚುಚ್ಚಿ ಅತ್ತೆ. ತಾಗಿದ ತಕ್ಷಣ ಹೇಳ್ತೀನಿ.”

ಉಸಿರು ಬಿಗಿಹಿಡಿದು ಕಾದಳು. ಕಾದೇ ಕಾದಳು. ಹೊರಗೆ ಯಾರದೋ ಸ್ಕೂಟರು ಬಂದು ನಿಂತಿತು, ಹೋಯಿತು.

“ಏನತ್ತೆ, ಹೆದರಿಕೇನಾ? ಚುಚ್ಚಿ ಅಂದ್ನಲ್ಲ!”

ಕನ್ನಡಿಯಲ್ಲಿ ಅತ್ತೆಯ ಕಣ್ಣು ತುಂಬಿತ್ತು.

“ಆಗಿಂದ ಚುಚ್ತಾನೇ ಇದೀನಲ್ಲೇ.”