ಮೂರನೇ ದಿನ

ಕೇಶರಬಾಯಿಯ ಹಣೆಗೂ ಕಿವಿಯ ಹಿಂದಕ್ಕೂ ವೈರು ಅಂಟಿಸಿ ಮುಗಿದಿತ್ತು. ಶಬ್ದ ಕೇಳಿದಾಗ ಮಿದುಳಿನಲ್ಲಿ ಏಳುವ ವಿದ್ಯುತ್ತಿನ ಅಲೆ ಮುಟ್ಟಿನ ದಿನಗಳಿಗೆ ತಕ್ಕಂತೆ ಬದಲಾಗುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. "ಮುಟ್ಟಾಗಿ ಇವತ್ತಿಗೆ ಎಷ್ಟನೇ ದಿನಾರಿ?" ಎಂದು ಸಿಸ್ಟರ್ ಎಸ್ತರ ಕೇಳಿದಳು. "ಮೂರನೇದ್ರಿ" ಎಂದು ಕೇಶರಬಾಯಿ ತಡವರಿಸದೆ ಹೇಳಿದಳು. ಎಸ್ತರ ಫಾರ್ಮಿನಲ್ಲಿ ಬರೆದುಕೊಂಡಳು. "ಆಪರೇಷನ್ ಏನರ ಆಗ್ಯಾದೇನ್ರಿ?"

"ಗರ್ಭಚೀಲ ತಗಸೀನ್ರಿ. ಬರ ಬಿದ್ದ ವರ್ಷ, ಕಬ್ಬು ಕಡಿಯಾಕ ಹೋಗೋ ಮುಂಚೆ. ಮುಟ್ಟಾಗೋರು ನಡುವ ಕೆಲಸ ಬಿಡ್ತಾರಂತ, ಕೂಲಿಯವರನ್ನ ಕರಕೊಂಡು ಹೋಗೋ ಮುಕಾದಮ ತನ್ನ ಟೋಳಿಗಿ ಸೇರಸ್ತಿದ್ದಿಲ್ರಿ."

ಎಸ್ತರಳ ಪೆನ್ನು ನಿಂತಿತು. ಫಾರ್ಮಿನ ಮೇಲ್ಗಡೆ ವಯಸ್ಸು ಇಪ್ಪತ್ತಾರು ಎಂದಿತ್ತು. "ಹಂಗಾದ್ರ ಮೂರನೇ ದಿನ ಅಂದ್ರಲ್ಲಾ?"

"ಬರೋದಿದ್ರ ಇವತ್ತು ಮೂರನೇದ್ರಿ. ಎಣಸೋದು ಬಿಟ್ಟಿಲ್ಲ. ಆ ನಾಲ್ಕು ದಿನ ಇನ್ನೂ ದೇವರ ದೀಪ ಮುಟ್ಟಂಗಿಲ್ಲ. ಅಷ್ಟಾದ್ರೂ ಉಳೀಲಂತ್ರಿ."

ಮುಟ್ಟು ನಿಂತವರನ್ನು ಪರೀಕ್ಷೆಗೆ ತೆಗೆದುಕೊಳ್ಳಬಾರದೆಂದು ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು. ಎಸ್ತರ ಮೂರರ ಮೇಲೆ ಗೀಟು ಹಾಕಿ, ಕಿವಿಯ ಹಿಂದಿನ ವೈರನ್ನು ಮೆಲ್ಲಗೆ ಕೀಳತೊಡಗಿದಳು. ಅಂಟಿನ ಜೊತೆ ನಾಲ್ಕು ಕೂದಲೂ ಕಿತ್ತು ಬಂದವು. ಕೇಶರಬಾಯಿ ಮಿಸುಕಲಿಲ್ಲ. "ನಿಮ್ಮದು ನಡಿಯಂಗಿಲ್ಲ ಕೇಶರಬಾಯಿ" ಎಂದಳು ಎಸ್ತರ, ಮುಖ ನೋಡದೆ. "ಹೊರಗ ಹೋಗಿ ಮುಂದಿನವರನ್ನ ಕಳಸ್ರಿ."

ಕೇಶರಬಾಯಿ ಬಾಗಿಲ ಕಡೆ ನೋಡಿದಳು. ಬೀದರಕ್ಕೆ ಬರುವ ಬಸ್ಸಿನಲ್ಲಿ ಠಾಣಾ ಕುಶನೂರಿನಿಂದ ಅವಳ ಜೊತೆಗೇ ಬಂದ ಹನ್ನೊಂದು ಹೆಂಗಸರು ಬೆಂಚಿನ ಮೇಲೆ ಒತ್ತೊತ್ತಾಗಿ ಕೂತಿದ್ದರು.

"ಯಾರ್ನ ಕಳಸ್ಲಿ ಸಿಸ್ಟರ್?" ಎಂದಳು. "ನಾವೆಲ್ಲಾ ಒಂದೇ ಮುಕಾದಮನ ಟೋಳಿಯವರು ಇದ್ದೇವಿ."