ಸೀಸೆಯಲ್ಲಿ ಉಳಿದಿದ್ದವಳು

ಡೆಂಗಿಯಲ್ಲಿ ತೀರಿಕೊಂಡ ಮಗಳ ರಕ್ತವನ್ನು ಸಂಶೋಧನೆಗೆಂದು ಆಸ್ಪತ್ರೆಯ ಪ್ರಯೋಗಾಲಯದ ಫ್ರೀಜರಿನಲ್ಲಿ ಇಟ್ಟಿದ್ದಾರೆಂದು ತಿಳಿದಾಗಿನಿಂದ ಶಾಂತವ್ವ ಅವಳ ಹುಟ್ಟುಹಬ್ಬಕ್ಕೆಲ್ಲ ಸಿಹಿ ಮಾದಲಿ ಕಟ್ಟಿಕೊಂಡು ಬರುತ್ತಿದ್ದಳು. ಆ ಪುಟ್ಟ ಸೀಸೆಯನ್ನು ಕಣ್ತುಂಬ ನೋಡಿ ಹೋಗುತ್ತಿದ್ದಳು.

ಈ ಸಲ ಫ್ರೀಜರಿನ ಬಾಗಿಲು ತೆರೆಯಲು ಸಂಶೋಧಕಿ ಸುಮೇಧಾಳಿಗೆ ಕೈ ಏಳಲಿಲ್ಲ.

"ಕೊನೇ ಹನಿನೂ ಪರೀಕ್ಷೆಗೆ ಬೇಕಾತು, ಅಮ್ಮಾ. ಈಗ ಏನೂ ಉಳಿದಿಲ್ಲ."

ಶಾಂತವ್ವ ಮಾದಲಿಯ ಡಬ್ಬಿಯನ್ನು ಎದೆಗವಚಿಕೊಂಡಳು. ಅವಳ ಸಮಾಧಾನಕ್ಕೆ ಏನಾದರೂ ಹೇಳಲೇಬೇಕೆನಿಸಿತು ಸುಮೇಧಾಳಿಗೆ.

"ವ್ಯರ್ಥ ಆಗಲಿಲ್ರಿ. ಯಾರ ಡೆಂಗಿ ವಿಕೋಪಕ್ಕೆ ಹೋಗ್ತದ ಅಂತ ಮೊದಲೇ ಹೇಳೋ ವೈರಸ್ಸಿನ ಗುರುತು ಸಿಕ್ತು. ನಿಮ್ಮ ಮಗಳ ರಕ್ತದಾಗ ಅದು ಢಾಳಾಗಿ ಕಾಣಸ್ತು."

ಶಾಂತವ್ವ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಏನೂ ಆಗಂಗಿಲ್ಲ ಅಂತ ನಮ್ಮನ್ನ ಮನಿಗೆ ಕಳಿಸಿದ ದಿನ ತೆಗೆದ ರಕ್ತ ಅಲ್ಲೇನವ್ವಾ ಅದು?"